ರೇವಣಸಿದ್ದಪ್ಪನವರ ದಾಸ್ತಾನು

ಸಾವಿರದ ಒಂಬೈನೂರ ಐವತ್ತೆರಡರಲ್ಲಿ ರಾಜಾಜಿನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸೈಟಿನ ಕಲ್ಲುಗಳ ನಡುವೆ ಮುನಿವೆಂಕಟಪ್ಪನ ಎಮ್ಮೆಗಳು ಮೇಯುತ್ತಿದ್ದವು. ಬಡಾವಣೆಯಾಗುವ ಮೊದಲು ಆ ಜಮೀನು ಅವನದೇ ಆಗಿದ್ದರಿಂದ, ಸರಹದ್ದು ಬದಲಾದ ಸಂಗತಿ ಎಮ್ಮೆಗಳಿಗೆ ತಿಳಿದಿರಲಿಲ್ಲ. ಎತ್ತ ನೋಡಿದರೂ ಬಯಲೇ ಕಾಣುತ್ತಿದ್ದ ಅಂಥ ಜಾಗದಲ್ಲಿ ಕಾಲಿಡಲು ಸ್ಥಳವಿಲ್ಲದ ಮನೆ ಒಂದೇ ಒಂದಿತ್ತು. ಅದು ರೇವಣಸಿದ್ದಪ್ಪನವರ ಮನೆ.

ರೇವಣಸಿದ್ದಪ್ಪನವರು ಸರ್ಕಾರಿ ಕಚೇರಿಯೊಂದರ ರವಾನೆ ವಿಭಾಗದಲ್ಲಿ ಗುಮಾಸ್ತರು. ದಾವಣಗೆರೆ ಕಡೆಯವರು. ಕುಡಿತ, ಇಸ್ಪೀಟು ಯಾವುದೂ ಇಲ್ಲ. ಯಾರ ಮೇಲೂ ದನಿ ಎತ್ತಿದವರಲ್ಲ. ಅವರಿಗಿದ್ದದ್ದು ಒಂದೇ ಅಭ್ಯಾಸ, ಮನೆಯೊಳಕ್ಕೆ ಬಂದ ಯಾವ ವಸ್ತುವನ್ನೂ ಹೊರಕ್ಕೆ ಬಿಡುತ್ತಿರಲಿಲ್ಲ. ಕಚೇರಿಗೆ ಬಂದ ಪಾರ್ಸೆಲ್ಲುಗಳ ಹುರಿ, ಅವುಗಳಿಗೆ ಸುತ್ತಿದ ಗೋಣಿ ತುಂಡು, ಖಾಲಿ ಮಸಿ ಬಾಟಲಿ ಸಂಜೆ ಅವರ ಜೊತೆಗೇ ಮನೆಗೆ ಬರುತ್ತಿದ್ದವು. ದಾರಿಯಲ್ಲಿ ಯಾರೋ ಎಸೆದ ಚಪ್ಪಲಿ ಕಂಡರೆ ಅದೂ ಬರುತ್ತಿತ್ತು. ಯಾಕೆ ಎಂದು ಕೇಳಿದರೆ ಅವರ ಉತ್ತರ ಒಂದೇ ಮಾತಿನದು. ಬೇಕಾಗುತ್ತೆ.

ಈ ಮನೆಗೆ ಬಂದ ದಿನವೇ ಒಳಗಿನ ರೂಮು ನೆಲದಿಂದ ಸೂರಿನವರೆಗೆ ತುಂಬಿಹೋಯಿತು. ಆಮೇಲೆ ಸಾಮಾನು ನಡುಮನೆಗೆ ಇಳಿಯಿತು. ನಡುಮನೆಯಲ್ಲಿ ಈಗ ಒಬ್ಬರು ಅಡ್ಡಡ್ಡ ನಡೆದು ಹೋಗುವಷ್ಟು ದಾರಿ ಉಳಿದಿತ್ತು. ಅಡಿಗೆಮನೆಯೂ ಹೋಗಿದ್ದರಿಂದ ಹೆಂಡತಿ ನೀಲಗಂಗಮ್ಮ ಹಿತ್ತಲಲ್ಲಿ ತಗಡಿನ ಕೆಳಗೆ ಒಲೆ ಹೂಡಿದ್ದರು. ಮಳೆ ಬಂದರೆ ಒಂದು ಕೈಯಲ್ಲಿ ಮೊರ ಹಿಡಿದು ಇನ್ನೊಂದು ಕೈಯಲ್ಲಿ ಮುದ್ದೆ ತಿರುವುತ್ತಿದ್ದರು. ಮನೆಯಲ್ಲಿ ಮೂವತ್ತು ಕೊಡೆಗಳಿದ್ದವು, ಬಿಚ್ಚಲು ಹೋದರೆ ಒಂದೂ ಬಿಚ್ಚುತ್ತಿರಲಿಲ್ಲ. ಹೈಸ್ಕೂಲು ಓದುತ್ತಿದ್ದ ಮಗಳು ಶಿವಕ್ಕ ಜಗಲಿಯ ಮೇಲೆ ಕೂತು ಪಾಠ ಬರೆಯುತ್ತಿದ್ದಳು. ಗೆಳತಿಯರು ಬಂದರೆ ಅವರನ್ನು ಬಾಗಿಲಿನಿಂದಲೇ ಮಾತಾಡಿಸಿ ಕಳಿಸುತ್ತಿದ್ದಳು. ಮೂವರೂ ಮಲಗುವುದು ಮುಂದಿನ ಹಜಾರದಲ್ಲಿ. ಅಲ್ಲಿ ಕಾಲು ಚಾಚಿದರೆ ಪತ್ರಿಕೆಗಳ ಕಟ್ಟು ತಗಲುತ್ತಿದ್ದುದರಿಂದ ಮೊಣಕಾಲು ಮಡಚಿಯೇ ನಿದ್ದೆ ಮಾಡಬೇಕಾಗಿತ್ತು.

ನೀಲಗಂಗಮ್ಮ ಏನೂ ಮಾಡಲಿಲ್ಲವೆಂದಲ್ಲ. ಒಮ್ಮೆ ಅಂಚು ಒಡೆದ ಒಂದು ಮುಚ್ಚಳವನ್ನು ಪಕ್ಕದ ಖಾಲಿ ಸೈಟಿಗೆ ಎಸೆದಿದ್ದರು. ಅಷ್ಟು ಸಾಮಾನಿನ ನಡುವೆ ಒಂದು ಮುಚ್ಚಳ ಇಲ್ಲವೆಂಬುದು ರೇವಣಸಿದ್ದಪ್ಪನವರಿಗೆ ಹೇಗೆ ತಿಳಿಯಿತೋ, ಕಚೇರಿಯಿಂದ ಬಂದ ಅರ್ಧ ಗಂಟೆಯಲ್ಲಿ ತಿಳಿಯಿತು. ಅವರು ಕೂಗಾಡಲಿಲ್ಲ. ನೇರ ಸೈಟಿಗೆ ನಡೆದರು. ಪೊದೆಗಳಲ್ಲೆಲ್ಲ ಹುಡುಕಿ ಮುಚ್ಚಳವನ್ನೂ ಅದರ ಜೊತೆಗೆ ಯಾರದೋ ಮೂರು ಕಾಲಿನ ಸ್ಟೂಲನ್ನೂ ಹೊತ್ತು ತಂದರು. ಆ ಮೇಲೆ ಎರಡು ದಿನ ಅನ್ನ ಸೇರಲಿಲ್ಲ. ನೀಲಗಂಗಮ್ಮ ಹೆದರಿದರು. ಮತ್ತೆ ಯಾವುದಕ್ಕೂ ಕೈ ಹಚ್ಚಲಿಲ್ಲ. ಯಾರನ್ನೂ ಜಗಲಿ ದಾಟಿ ಒಳಗೆ ಕರೆಯುವುದನ್ನೂ ಬಿಟ್ಟುಬಿಟ್ಟರು. ಬೀದಿಗೆ ಕಾಣದಿರಲೆಂದು ಕಿಟಕಿಗೆ ಹಳೆಯ ಜಮಖಾನೆ ಕಟ್ಟಿದರು.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಸಂಸಾರಕ್ಕೆ ಗಂಡಾಂತರ ಬಂದದ್ದು ರೇಷನ್ ಡಿಪೋ ಮುಂದಿನ ಸಾಲಿನಲ್ಲಿ.

ಅದೊಂದು ಭಾನುವಾರ. ಅಕ್ಕಿಗೆ ನಿಯಂತ್ರಣವಿದ್ದ ಕಾಲ, ಮನೆಯಲ್ಲಿ ಹೆಚ್ಚು ಕೂಡಿಟ್ಟರೆ ಅಪರಾಧ. ಅಕ್ಕಿ ಬರುತ್ತದೆಂದು ಬೆಳಗಿನಿಂದ ಜನ ಕಾಯುತ್ತಿದ್ದರು. ರೇವಣಸಿದ್ದಪ್ಪನವರ ಮುಂದೆ ನಿಂತಿದ್ದ ಹೆಂಗಸಿನ ಚೀಲ ಹರಿಯಿತು. ಅವರು ಕೋಟಿನ ಜೇಬಿಗೆ ಕೈ ಹಾಕಿ ಒಂದು ದಬ್ಬಣ, ಒಂದು ಉಂಡೆ ಹುರಿ ತೆಗೆದು ಅಲ್ಲೇ ಹೊಲಿದುಕೊಟ್ಟರು. ಸಾಲಿನಲ್ಲಿದ್ದವರೆಲ್ಲ ಮೆಚ್ಚಿದರು. ಹದಿನೈದು ವರ್ಷಗಳಲ್ಲಿ ಅವರು ಇಟ್ಟುಕೊಂಡಿದ್ದ ಒಂದು ವಸ್ತು ನಿಜವಾಗಿಯೂ ಬೇಕಾದದ್ದು ಇದೇ ಮೊದಲು. ರೇವಣಸಿದ್ದಪ್ಪನವರ ಎದೆ ಉಬ್ಬಿತು. ಸರಿಯಾಗಿ ಅದೇ ಗಳಿಗೆಗೆ ಡಿಪೋದವನು ಹೊರಗೆ ಬಂದು, ಈ ವಾರ ಅಕ್ಕಿ ಇಲ್ಲ, ಅಮೆರಿಕದ ಕೆಂಪು ಜೋಳ ಮಾತ್ರ ಎಂದು ಸಾರಿದ. ಸಾಲೆಲ್ಲ ಸ್ತಬ್ಧವಾಯಿತು. ಆ ಮೌನದಲ್ಲಿ, ಇನ್ನೂ ಹುರಿಯ ಗುಂಗಿನಲ್ಲೇ ಇದ್ದ ರೇವಣಸಿದ್ದಪ್ಪನವರ ದನಿ ಸ್ಪಷ್ಟವಾಗಿ ಕೇಳಿಸಿತು.

"ಇದೇನು ಮಹಾ. ನಮ್ಮನೇಲಿ ಚೀಲಗಟ್ಟಲೆ ಇದೆ. ರೂಮು ತುಂಬಿ ಈಗ ನಡುಮನೆಗೆ ಬಂದಿದೆ."

ಸಾಲಿನ ಹಿಂದಿದ್ದ ಅಣ್ಣಮ್ಮ ಇದನ್ನು ಕೇಳಿದಳು. ಅಣ್ಣಮ್ಮ ಮುನಿವೆಂಕಟಪ್ಪನ ಹೆಂಡತಿ. ಹಾಲು ಹಾಕಲು ಬಡಾವಣೆಯ ಎಲ್ಲ ಮನೆಗಳಿಗೂ ಹೋಗುವವಳು. ಆ ಮನೆಯ ಕಿಟಕಿಗೆ ಜಮಖಾನೆ ಯಾಕೆ ಎಂಬ ಪ್ರಶ್ನೆ ಅವಳನ್ನು ಒಂದು ವರ್ಷದಿಂದ ಕಾಡುತ್ತಿತ್ತು. ಈಗ ಎಲ್ಲವೂ ಹೊಂದಿಕೊಂಡಿತು.

ಮಾರನೆಯ ಬೆಳಿಗ್ಗೆ ಅವಳು ಹಾಲಿನ ಜೊತೆಗೆ ಸೆರಗಿನಲ್ಲಿ ಒಂದು ಖಾಲಿ ಪಾತ್ರೆ ಮುಚ್ಚಿಕೊಂಡು ಬಂದಳು. ಜಗಲಿಯಲ್ಲಿ ರೇವಣಸಿದ್ದಪ್ಪನವರು ಒಬ್ಬರೇ ಇದ್ದರು. ಅವಳು ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದಳು.

"ಸ್ವಾಮಿ, ನಿಮ್ಮನೇಲಿ ಬೇಕಾದಷ್ಟು ಐತಂತೆ. ಅದ್ರಾಗೆ ಒಂದಿಷ್ಟು ನಮಗೂ ಕೊಡಿ. ಯಾರ ಹತ್ರಾನೂ ಬಾಯಿ ಬಿಡಕಿಲ್ಲ."

ರೇವಣಸಿದ್ದಪ್ಪನವರು ಬೆವರಿದರು. ಕೇಳುತ್ತಿರುವುದು ಹುರಿಯನ್ನೋ ಗೋಣಿಯನ್ನೋ ಅವರಿಗೆ ತಿಳಿಯಲಿಲ್ಲ. ಯಾವುದಾದರೂ ಒಂದೇ. ಕೊಡುವುದು ಅವರಿಂದ ಆಗದ ಕೆಲಸ.

"ಆಗಲ್ಲಮ್ಮ. ಎಲ್ಲಾ ಮುಂದಕ್ಕೆ ಬೇಕಾಗುತ್ತೆ."

"ಎಲ್ಲಾನಾ?"

"ಎಲ್ಲಾ."

ಅಣ್ಣಮ್ಮ ಪಾತ್ರೆಯನ್ನು ಮತ್ತೆ ಸೆರಗಿನೊಳಗೆ ಸೇರಿಸಿಕೊಂಡು ಮೆಟ್ಟಿಲಿಳಿದಳು. ಹತ್ತು ಗಂಟೆಯ ಹೊತ್ತಿಗೆ ಹಾಲು ಹೋದ ಮನೆಗಳಿಗೆಲ್ಲ ಸುದ್ದಿಯೂ ಹೋಗಿತ್ತು.

ಮಕ್ಕಳು ಮರಿ ಕೆಂಪು ಜೋಳ ತಿಂದು ಹೊಟ್ಟೆ ಹಿಡಿದುಕೊಳ್ಳುತ್ತಿರುವಾಗ ಒಬ್ಬ ಮನುಷ್ಯ ಮೂಟೆಗಟ್ಟಲೆ ಅಕ್ಕಿ ಮೇಲೆ ಕಾಲು ಚಾಚಿ ಮಲಗಿದ್ದಾನೆ ಎಂದು ಬಡಾವಣೆ ಕುದಿಯಿತು. ಬಸ್ ಸ್ಟಾಪಿನಲ್ಲಿ ಕೆಲವರು ಅವರಿಗೆ ಬೆನ್ನು ತಿರುಗಿಸಿದರು. ಕೆಲವರು ಹಿಂದೆಂದೂ ಇಲ್ಲದಷ್ಟು ವಿನಯದಿಂದ ಜಾಗ ಬಿಟ್ಟುಕೊಟ್ಟರು. ಎರಡಕ್ಕೂ ಕಾರಣ ತಿಳಿಯದೆ ರೇವಣಸಿದ್ದಪ್ಪನವರು ಎಲ್ಲರಿಗೂ ನಮಸ್ಕಾರ ಮಾಡಿದರು. ಕಚೇರಿಗೂ ಸುದ್ದಿ ಮುಟ್ಟಿತು. ಅವರ ಮೇಲಧಿಕಾರಿ ಅವರನ್ನು ಕಡತಗಳ ಹಿಂದಕ್ಕೆ ಕರೆದು, ಮಗಳ ಮದುವೆಗೆ ಒಂದೆರಡು ಮೂಟೆ ಆದೀತೇ ಎಂದು ಪಿಸುಮಾತಿನಲ್ಲಿ ಕೇಳಿದರು. ಅಷ್ಟೊಂದು ಹುರಿ ಮದುವೆಮನೆಯಲ್ಲಿ ಏನು ಮಾಡುತ್ತೀರಿ ಸಾರ್ ಎಂದು ರೇವಣಸಿದ್ದಪ್ಪನವರು ಗಾಬರಿಯಿಂದ ಕೇಳಿದರು. ಮೇಲಧಿಕಾರಿ ಒಂದು ಕ್ಷಣ ಯೋಚಿಸಿ ಕಣ್ಣು ಮಿಟುಕಿಸಿದರು. ಕಳ್ಳಸಂತೆಯಲ್ಲಿ ಅಕ್ಕಿಗೆ ಹುರಿ ಎನ್ನುತ್ತಾರೆಂದು ಅವರು ಅರ್ಥ ಮಾಡಿಕೊಂಡರು.

ಯಾರೋ ಆಹಾರ ಇಲಾಖೆಗೆ ಅರ್ಜಿ ಬರೆದರು. ಅದಕ್ಕೆ ಸಹಿ ಇರಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಸೇತುರಾಮ್ ಇಬ್ಬರು ಜವಾನರನ್ನು ಕರೆದುಕೊಂಡು, ಎತ್ತಿನ ಗಾಡಿಯಲ್ಲಿ ದೊಡ್ಡ ತಕ್ಕಡಿ ಹೇರಿಕೊಂಡು ಬಂದಿಳಿದರು. ಹಿಂದೆಯೇ ಇಡೀ ಬಡಾವಣೆ ಬಂತು.

ಸೇತುರಾಮ್ ಬಹಳ ಶಿಸ್ತಿನ ಮನುಷ್ಯರು. ದಾಸ್ತಾನುದಾರರು ಅಳುವುದನ್ನೂ ಓಡುವುದನ್ನೂ ಮೂರ್ಛೆ ಹೋಗುವುದನ್ನೂ ಅವರು ಕಂಡಿದ್ದರು. ಬಾಗಿಲು ತೆರೆದ ರೇವಣಸಿದ್ದಪ್ಪನವರಿಗೆ, ನಿಮ್ಮ ದಾಸ್ತಾನು ನೋಡಬೇಕು ಎಂದು ಗಂಭೀರವಾಗಿ ಹೇಳಿದರು.

ರೇವಣಸಿದ್ದಪ್ಪನವರ ಮುಖ ಅರಳಿತು. ಅದನ್ನು ನೋಡಬೇಕೆಂದು ಹದಿನೈದು ವರ್ಷಗಳಲ್ಲಿ ಒಬ್ಬರೂ ಕೇಳಿರಲಿಲ್ಲ. ಬನ್ನಿ ಸಾರ್, ಬನ್ನಿ ಎಂದು ಕೈ ಹಿಡಿಯಲು ಹೋದರು. ಸೇತುರಾಮ್ ಒಂದು ಹೆಜ್ಜೆ ಹಿಂದೆ ಸರಿದರು.

"ಎಷ್ಟು ವರ್ಷದಿಂದ ಇಟ್ಟಿದೀರಿ?"

"ಹದಿನೈದು ವರ್ಷ ಆಯ್ತು ಸಾರ್."

"ಇಷ್ಟರವರೆಗೆ ಎಷ್ಟು ಮಾರಿದೀರಿ?"

"ಮಾರೋದಾ?" ರೇವಣಸಿದ್ದಪ್ಪನವರಿಗೆ ನಿಜವಾಗಿಯೂ ನೋವಾಯಿತು. "ಒಂದು ಚೂರೂ ಹೊರಗೆ ಬಿಟ್ಟಿಲ್ಲ ಸಾರ್. ಹಾಲಿನ ಅಣ್ಣಮ್ಮ ಬಂದು ಕೇಳಿದ್ಲು, ಅವಳಿಗೇ ಕೊಡ್ಲಿಲ್ಲ."

ಜನ ಗುಜುಗುಜು ಎಂದರು. ಹೆಂಡತಿ ಮಗಳು ಗೋಡೆಗೆ ಒರಗಿ ನಿಂತಿದ್ದರು. ನೀಲಗಂಗಮ್ಮನ ಕಣ್ಣು ನೆಲ ಬಿಟ್ಟು ಏಳಲಿಲ್ಲ. ಇಷ್ಟು ವರ್ಷ ಜಮಖಾನೆ ಕಟ್ಟಿ ಮುಚ್ಚಿಟ್ಟ ಮಾನ ಈಗ ಊರ ಮುಂದೆ ಹೋಗುವುದು ನಿಶ್ಚಯವಾಗಿತ್ತು. ಸೇತುರಾಮ್ ಟೋಪಿ ಸರಿಮಾಡಿಕೊಂಡು ಒಳಗೆ ನುಗ್ಗಿದರು. ನುಗ್ಗಿದವರು ಮೂರನೆಯ ಹೆಜ್ಜೆಗೆ ನಿಂತರು. ಅಲ್ಲಿಂದ ಮುಂದೆ ಅಡ್ಡಡ್ಡ ಹೋಗಬೇಕಾಗಿತ್ತು. ಅವರು ಸ್ವಲ್ಪ ಸ್ಥೂಲಕಾಯರು.

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಅವರ ದನಿ ಬಂತು. ಅದರಲ್ಲಿ ಶಿಸ್ತು ಕಡಿಮೆಯಾಗಿತ್ತು. "ಏನ್ರೀ ಇದು?"

"ಕಾರ್ಕು ಸಾರ್. ಬಾಟಲಿಗಳು ಬೇರೆ ಕಡೆ ಇವೆ."

ಆದರೆ ಸೇತುರಾಮ್ ಅಷ್ಟಕ್ಕೆ ಸೋಲುವವರಲ್ಲ. ಇದೆಲ್ಲ ಕಣ್ಣಿಗೆ ಮಣ್ಣೆರಚುವ ಉಪಾಯ, ಅಕ್ಕಿ ಇದರ ಹಿಂದೆ ಇದೆ ಎಂದು ಅವರು ತೀರ್ಮಾನಿಸಿದರು. ಎಲ್ಲವನ್ನೂ ಹೊರಗೆ ಹಾಕಿ ಎಂದು ಅಪ್ಪಣೆ ಮಾಡಿದರು. ಜವಾನರ ಜೊತೆಗೆ ಜನರೂ ಕೈ ಹಚ್ಚಿದರು. ಪಕ್ಕದ ಖಾಲಿ ಸೈಟಿಗೆ ಸಾಮಾನು ಬರತೊಡಗಿತು. ಮೊದಲ ಗಂಟೆ ಜನ ನಕ್ಕರು. ಎಡಗಾಲಿನ ಚಪ್ಪಲಿಗಳೇ ತುಂಬಿದ್ದ ಒಂದು ತೊಟ್ಟಿಲು ಬಂದಾಗ ಚಪ್ಪಾಳೆಯೂ ಬಿತ್ತು. ಎರಡನೆಯ ಗಂಟೆಗೆ ನಗು ನಿಂತಿತು. ಸೈಟಿನ ಮೇಲೆ ರಾಶಿ ಆಳೆತ್ತರಕ್ಕೆ ಏರಿತ್ತು, ಬಾಗಿಲಿನಿಂದ ಇನ್ನೂ ಬರುತ್ತಲೇ ಇತ್ತು. ಅಣ್ಣಮ್ಮ ತಾನು ಹೋದ ವರ್ಷ ಬಿಸಾಡಿದ ಮೊರವನ್ನು ಗುರುತು ಹಿಡಿದಳು. ಪ್ರತಿಯೊಬ್ಬರಿಗೂ ತಮ್ಮ ಮನೆಯದು ಒಂದೊಂದು ಕಂಡಿತು. ಮುನಿವೆಂಕಟಪ್ಪ ತನ್ನ ಗಾಡಿಯ ಮುರಿದ ನೊಗದ ಮುಂದೆ ಬಹಳ ಹೊತ್ತು ನಿಂತ. ಅದು ಹೊರಗೆ ಬರಲು ನಾಲ್ಕು ಜನ ಹೆಣಗಿದ್ದನ್ನು ಅವನು ನೋಡಿದ್ದ.

"ಇದು ಒಳಕ್ಕೆ ಹೋಗಿದ್ದು ಹೆಂಗೆ ಸ್ವಾಮಿ?"

"ಓರೆಯಾಗಿ," ಎಂದರು ರೇವಣಸಿದ್ದಪ್ಪನವರು.

ಅವರ ಉತ್ಸಾಹ ಆಗಲೇ ಇಳಿದುಹೋಗಿತ್ತು. ಪ್ರತಿಯೊಂದು ವಸ್ತು ಹೊಸ್ತಿಲು ದಾಟುವಾಗಲೂ ಅವರು ಅದರ ಹಿಂದೆ ಎರಡು ಹೆಜ್ಜೆ ಹೋಗಿ, ಬಾಗಿಲಲ್ಲಿ ಮುಂದಿನದು ಕಂಡು ಮತ್ತೆ ಹಿಂದಕ್ಕೆ ಬರುತ್ತಿದ್ದರು. ಮನೆಗೂ ಸೈಟಿಗೂ ನಡುವೆ ಓಡಾಡುತ್ತಾ ಅವರ ಅಂಗಿ ಒದ್ದೆಯಾಯಿತು. ತುಳೀಬೇಡಿ, ಅದನ್ನ ಮಗುಚಬೇಡಿ ಎಂದು ಎಲ್ಲರನ್ನೂ ಬೇಡಿಕೊಂಡರು.

ಮಧ್ಯಾಹ್ನ ಎರಡರ ಹೊತ್ತಿಗೆ ಒಳರೂಮಿನ ಮೂಲೆಯಿಂದ ಜವಾನನೊಬ್ಬ, ಸಾರ್, ಅಕ್ಕಿ ಎಂದು ಕೂಗಿದ.

ಬಡಾವಣೆಯೆಲ್ಲ ಬಾಗಿಲಿಗೆ ಬಂತು. ಸೇತುರಾಮ್ ಧೂಳು ಮೆತ್ತಿದ ಮುಖವನ್ನು ಒರೆಸಿಕೊಂಡು ರೇವಣಸಿದ್ದಪ್ಪನವರ ಕಡೆ ಜಯಶಾಲಿಯಾಗಿ ನೋಡಿದರು. ಎಲ್ಲರಿಗಿಂತ ಹೆಚ್ಚು ಆಶ್ಚರ್ಯ ಪಟ್ಟವರು ರೇವಣಸಿದ್ದಪ್ಪನವರೇ. ತಮ್ಮ ಮನೆಯಲ್ಲಿ ಇಲ್ಲದ ವಸ್ತು ಅದೊಂದೇ ಎಂದು ಅವರು ನಂಬಿದ್ದರು. ಗೋಡೆಗೆ ಒತ್ತಿಕೊಂಡು, ಪತ್ರಿಕೆ ತುಂಬಿದ ಹತ್ತು ಗೋಣಿಗಳ ಕೆಳಗೆ ಹನ್ನೊಂದನೆಯದೊಂದು ಗೋಣಿ ಕೂತಿತ್ತು. ಇಬ್ಬರು ಅದನ್ನು ಎತ್ತಿದರು. ಎತ್ತಿದ ಕೂಡಲೇ ತಳ ಕಳಚಿಕೊಂಡು ಬೂದುಬಣ್ಣದ ಪುಡಿ ನೆಲದ ಮೇಲೆ ಸುರಿಯಿತು. ಅದರಲ್ಲಿ ನುಸಿ ಹರಿಯುತ್ತಿತ್ತು. ಇಲಿಗಳು ಒಳಗೇ ಗೂಡು ಮಾಡಿ, ಸಂಸಾರ ನಡೆಸಿ, ತಿನ್ನಲು ಏನೂ ಉಳಿಯದ ಮೇಲೆ ಬಿಟ್ಟುಹೋಗಿದ್ದವು. ಗೋಣಿಯ ಮಡಿಕೆಯಲ್ಲಿ ಒಂದು ಹಿಡಿಯಷ್ಟು ಅಕ್ಕಿ ಅಕ್ಕಿಯ ರೂಪದಲ್ಲಿತ್ತು.

ಇದು ಅಕ್ಕಿಯೋ ಅಲ್ಲವೋ ಎಂಬ ವಿಷಯದಲ್ಲಿ ಜವಾನರಲ್ಲಿ ಭಿನ್ನಾಭಿಪ್ರಾಯ ಬಂತು. ಯಾವಾಗ ತಂದದ್ದು, ಯಾರು ಕೊಟ್ಟದ್ದು ಎಂದು ಸೇತುರಾಮ್ ಕೇಳಿದರು. ರೇವಣಸಿದ್ದಪ್ಪನವರು ಪ್ರಾಮಾಣಿಕವಾಗಿ ಯೋಚಿಸಿ ಗೊತ್ತಿಲ್ಲವೆಂದರು. ಸೇತುರಾಮ್ ನೀಲಗಂಗಮ್ಮನ ಕಡೆ ತಿರುಗಿದರು. ನೀಲಗಂಗಮ್ಮ ಗೋಣಿಯ ಮೇಲೆ ನೀಲಿ ಬಣ್ಣದಲ್ಲಿ ಬರೆದಿದ್ದ ಎರಡು ಅಕ್ಷರಗಳನ್ನು ನೋಡುತ್ತಿದ್ದರು. ಅವರ ಮುಖದಲ್ಲಿ ರಕ್ತವಿರಲಿಲ್ಲ. ನನಗೂ ತಿಳೀದು ಎಂದು ಹೇಳಿ ಅವರು ಗೋಣಿಯ ಮೇಲೆ ಕೂತುಬಿಟ್ಟರು. ಅಕ್ಷರಗಳು ಸೀರೆಯ ಕೆಳಗೆ ಮರೆಯಾದವು.

ಸೇತುರಾಮ್ ಒಂದು ಸಲ ಖಾಲಿಯಾದ ರೂಮನ್ನು, ಒಂದು ಸಲ ಹೊರಗಿನ ರಾಶಿಯನ್ನು ನೋಡಿದರು. ಮನುಷ್ಯರು ತಿನ್ನಲು ಯೋಗ್ಯವಾದ ಧಾನ್ಯ ಈ ಮನೆಯಲ್ಲಿ ಇಲ್ಲವೆಂದು ವರದಿ ಬರೆದರು. ನೀರು ಕೇಳಿ, ಅದನ್ನು ಬೀದಿಯಲ್ಲಿ ನಿಂತು ಕುಡಿದರು. ಹೊರಡುವಾಗ ರೇವಣಸಿದ್ದಪ್ಪನವರಿಗೆ ಮೆಲ್ಲಗೆ ಒಂದು ಮಾತು ಹೇಳಿದರು. "ಅಕ್ಕಿ ಬಚ್ಚಿಡೋರನ್ನ ಎಷ್ಟೋ ಜನಾನ ಹಿಡಿದಿದೀನಿ ಕಣ್ರೀ. ಅವರ ಮನೇಲಿ ಹೆಂಡ್ರು ಮಕ್ಕಳು ಮಲಗೋಕೆ ಜಾಗ ಇರ್ತಿತ್ತು."

ಜನ ಒಬ್ಬೊಬ್ಬರಾಗಿ ಕರಗಿದರು. ಬೈಯಲೆಂದು ಬಂದಿದ್ದವರಿಗೆ ಏನೆಂದು ಬೈಯಬೇಕೋ ತಿಳಿಯಲಿಲ್ಲ. ಎಲ್ಲರೂ ಹೋದ ಮೇಲೆ ನೀಲಗಂಗಮ್ಮ ಎದ್ದು ಗೋಣಿಯನ್ನು ಗಂಡನ ಮುಂದೆ ಹರಡಿದರು. ಚ. ಮ. ಎಂಬ ಅಕ್ಷರಗಳು ಈಗ ಅವರಿಗೂ ಕಂಡವು. ಹರಿಹರದಲ್ಲಿ ಹೊಳೆಯ ದಂಡೆಗೆ ಗದ್ದೆಯಿದ್ದ ನೀಲಗಂಗಮ್ಮನ ಅಣ್ಣ ಚನ್ನಮಲ್ಲಪ್ಪ ತಮ್ಮ ಮೂಟೆಗಳಿಗೆಲ್ಲ ಹಾಕುತ್ತಿದ್ದ ಗುರುತು ಅದು.

ಎರಡೂವರೆ ವರ್ಷದ ಹಿಂದೆ, ಈ ಮನೆಗೆ ಬರುವಾಗ, ತಂಗಿಯ ಹೊಸ ಮನೆಗೆ ಒಂದು ಮೂಟೆ ಅಕ್ಕಿ ಕಳಿಸುತ್ತೇನೆಂದು ಚನ್ನಮಲ್ಲಪ್ಪ ಹೇಳಿದ್ದರು. ರಹದಾರಿ ಇಲ್ಲದೆ ಜಿಲ್ಲೆ ದಾಟಿಸಿದರೆ ಜೈಲು. ಆದರೂ ಗೊತ್ತಿದ್ದ ಲಾರಿಯವನ ಕೈಯಲ್ಲಿ ಗುಟ್ಟಾಗಿ ಕಳಿಸುವೆನೆಂದಿದ್ದರು. ಮೂಟೆ ಬರಲಿಲ್ಲ. ತಿಂಗಳು ಕಳೆದು, ಸಾಮಾನು ತಲುಪಿತೇ ಎಂದು ಅವರ ಕಾಗದ ಬಂತು. ಏನೂ ತಲುಪಿಲ್ಲವೆಂದು ರೇವಣಸಿದ್ದಪ್ಪನವರು ಉತ್ತರ ಬರೆದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕೊಡುವ ಮನಸ್ಸಿಲ್ಲದವರು ಮಾತು ಕೊಡಬಾರದು ಎಂದು ಕೆಳಗೆ ಇನ್ನೊಂದು ಸಾಲು ಸೇರಿಸಿದರು. ಆ ಮೇಲೆ ಹರಿಹರದಿಂದ ಕಾಗದವಿಲ್ಲ. ನೀಲಗಂಗಮ್ಮ ತವರಿಗೆ ಹೋಗಲಿಲ್ಲ. ಅಣ್ಣನ ಹಿರಿಯ ಮಗಳ ಮದುವೆಯಾದದ್ದು ಅವರಿಗೆ ತಿಳಿದದ್ದು ಬಸ್ಸಿನಲ್ಲಿ ಸಿಕ್ಕ ಯಾರೋ ಊರವರಿಂದ. ಅಣ್ಣ ಸುಳ್ಳು ಹೇಳಿದನೆಂದು ಎರಡೂವರೆ ವರ್ಷ ನಂಬಿದ್ದರು. ಕೆಂಪು ಜೋಳ ಒಗ್ಗದೆ ಶಿವಕ್ಕ ಎಷ್ಟೋ ಸಂಜೆ ಬರೀ ಮಜ್ಜಿಗೆ ಕುಡಿದು ಮಲಗಿದ್ದಳು. ಆ ಸಂಜೆಗಳಲ್ಲೆಲ್ಲ ಅಕ್ಕಿ ಗೋಡೆಯಾಚೆಗೇ ಇತ್ತು.

ರೇವಣಸಿದ್ದಪ್ಪನವರು ಗೋಣಿಯ ಅಕ್ಷರಗಳ ಮೇಲೆ ಬೆರಳಾಡಿಸಿದರು. ಸಾಮಾನಿನ ಗಾಡಿಗಳು ಬಂದ ದಿನ, ಇಳಿದದ್ದನ್ನೆಲ್ಲ ತಮ್ಮದೇ ಗೋಣಿಗಳೆಂದು ಒಳಕ್ಕೆ ಹಾಕಿಸಿದ್ದು ನೆನಪಾಯಿತು. ಹತ್ತು ಗೋಣಿ ಇದ್ದದ್ದು ಹನ್ನೊಂದಾದಾಗ ಅವರಿಗೆ ಸಂತೋಷವೇ ಆಗಿತ್ತು.

ನೀಲಗಂಗಮ್ಮ ಅಳಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ನಾಳೆ ಬೆಳಿಗ್ಗೆ ರೈಲಿಗೆ ನಾನೂ ಶಿವಕ್ಕನೂ ಹರಿಹರಕ್ಕೆ ಹೋಗ್ತೀವಿ. ಅಣ್ಣನ ಕಾಲು ಹಿಡ್ಕೊಂಡು ತಪ್ಪಾಯ್ತು ಅಂತೀನಿ. ನೀವು ಬರೋದಾದ್ರೆ ಬನ್ನಿ. ಆ ರಾಶಿ ಕಾಯ್ಕೊಂಡು ಇರ್ತೀನಿ ಅಂದ್ರೆ ಇರಿ, ನಾನು ಬ್ಯಾಡ ಅನ್ನಲ್ಲ. ಆದ್ರೆ ಅದು ಮತ್ತೆ ಒಳಗೆ ಬಂದ್ರೆ, ನಾನು ಬರಲ್ಲ."

ಇಷ್ಟು ಹೇಳಿ ಅವರು ಖಾಲಿಯಾದ ರೂಮನ್ನು ಗುಡಿಸಿ, ನೀರು ಹಾಕಿ ತೊಳೆದು, ನೆಲ ಆರಿದ ಮೇಲೆ ಅಲ್ಲೇ ಒರಗಿದರು. ಮಗಳೂ ಪಕ್ಕಕ್ಕೆ ಬಂದಳು. ಸ್ವಲ್ಪ ಹೊತ್ತಿಗೆ ರೇವಣಸಿದ್ದಪ್ಪನವರು ಹೊರಗಿನಿಂದ ಒಂದು ಗೋಣಿಯನ್ನು ಎದೆಗವಚಿಕೊಂಡು ಬಂದರು. ಎಲ್ಲವನ್ನೂ ಅಲ್ಲ, ಇದೊಂದನ್ನು ಮಾತ್ರ ಎಂದು ಕೇಳಿಕೊಳ್ಳುವ ವಿಚಾರ ಅವರಿಗಿತ್ತು. ಬಾಗಿಲಲ್ಲಿ ನಿಂತು ನೋಡಿದರೆ ಇಬ್ಬರೂ ಕೈಕಾಲು ಚಾಚಿ ಗಾಢವಾಗಿ ನಿದ್ದೆ ಹೋಗಿದ್ದರು. ನೀಲಗಂಗಮ್ಮ ಅಷ್ಟು ಉದ್ದವಿದ್ದಾರೆಂಬುದೇ ಅವರಿಗೆ ಮರೆತುಹೋಗಿತ್ತು. ಗೋಣಿ ಇಡಬೇಕೆಂದರೆ ಯಾರದಾದರೂ ಕಾಲನ್ನು ಸರಿಸಬೇಕಾಗಿತ್ತು. ಅವರು ಅಲ್ಲೇ ನಿಂತರು. ಸಂಜೆ ಹಾಲು ತಂದ ಅಣ್ಣಮ್ಮ, ಯಾಕೆ ಹಿಂಗೆ ನಿಂತಿದೀರಿ ಎಂದು ಕೇಳಿದಾಗ ತುಟಿಯ ಮೇಲೆ ಬೆರಳಿಟ್ಟು, ಮಲಗಿದಾರೆ ಎಂದು ಪಿಸುಗುಟ್ಟಿದರು. ಆಮೇಲೆ ಗೋಣಿಯನ್ನು ಸೈಟಿಗೇ ಒಯ್ದು ಇಟ್ಟು ಬಂದರು.

ಬೆಳಿಗ್ಗೆ ಜಟಕಾ ಬಂದಾಗ ರೇವಣಸಿದ್ದಪ್ಪನವರು ಕೋಟು ಹಾಕಿಕೊಂಡು ಎಲ್ಲರಿಗಿಂತ ಮೊದಲು ಹತ್ತಿ ಕೂತಿದ್ದರು. ತಡ ಮಾಡಿದರೆ ತಮ್ಮಿಂದ ಆಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಮುನಿವೆಂಕಟಪ್ಪ ಬಂದು, ಇದನ್ನೆಲ್ಲ ಏನು ಮಾಡಲಿ ಸ್ವಾಮಿ, ಗಾಡಿ ಕಟ್ಟಲಾ ಎಂದು ಕೇಳಿದ. ರೇವಣಸಿದ್ದಪ್ಪನವರು ಮೂರು ಸಲ ಬಾಯಿ ತೆರೆದರು. ಬಿಸಾಡು ಎಂಬ ಶಬ್ದವನ್ನು ಅವರು ಜೀವಮಾನದಲ್ಲಿ ಉಪಯೋಗಿಸಿದವರಲ್ಲ. ಕೊನೆಗೆ, "ನಾನು ನೋಡ್ತಾ ಇರೋವಾಗ ಏನೂ ಮಾಡ್ಬೇಡ" ಎಂದರು. ಮುನಿವೆಂಕಟಪ್ಪನಿಗೆ ಅಷ್ಟೇ ಸಾಕಾಯಿತು. ಅವರು ಹರಿಹರದಿಂದ ಹಿಂತಿರುಗುವುದರೊಳಗೆ ಅವನ ಗಾಡಿ ಒಂಬತ್ತು ಸಲ ತುಂಬಿ ಹೋಗಿ ಖಾಲಿ ಬಂತು. ಹೋಗುವಾಗ ತನ್ನ ಮುರಿದ ನೊಗವನ್ನೂ ಅದರಲ್ಲೇ ಹಾಕಿದ.

ಜಟಕಾದಲ್ಲಿ ಹಿಂದಕ್ಕೆ ಮುಖ ಮಾಡಿ ಕೂತಿದ್ದ ಗಂಡನನ್ನು ನೀಲಗಂಗಮ್ಮ ಎಬ್ಬಿಸಿ ಕುದುರೆಯ ಕಡೆಗೆ ಕೂರಿಸಿದರು. ರೈಲಿನಲ್ಲಿ ಅವರು ಚೆನ್ನಾಗಿಯೇ ಇದ್ದರು. ತುಮಕೂರಿನಲ್ಲಿ ಮಾತ್ರ, ಆ ಗೋಡೆ ಗಡಿಯಾರಕ್ಕೆ ಮುಳ್ಳೊಂದು ಹಾಕಿಸಿದ್ದರೆ ನಡೆಯುತ್ತಿತ್ತು ಎಂದರು. ತಿಪಟೂರಿನಲ್ಲಿ ತೊಟ್ಟಿಲು ನೆನಪಾಯಿತು. ಅರಸೀಕೆರೆಯಲ್ಲಿ ಇಳಿಯಲು ಎದ್ದು ನಿಂತೇಬಿಟ್ಟರು, ಶಿವಕ್ಕ ಕೋಟಿನ ತುದಿ ಹಿಡಿದುಕೊಂಡಳು. ಬೀರೂರು ದಾಟಿದ ಮೇಲೆ ಅವರು ಕೈಕಟ್ಟಿ ಕಿಟಕಿಯಾಚೆ ನೋಡುತ್ತಾ ಕೂತರು.

ಚನ್ನಮಲ್ಲಪ್ಪ ಪಡಸಾಲೆಯಲ್ಲಿ ಕೂತಿದ್ದರು. ತಂಗಿಯನ್ನು ಕಂಡು ಎದ್ದರು. ಹಿಂದೆ ಬಂದ ಭಾವಮೈದುನನನ್ನು ಕಂಡು ಮತ್ತೆ ಕೂತರು. ಬನ್ನಿ ಎನ್ನಲಿಲ್ಲ. ನೀಲಗಂಗಮ್ಮ ಮಾತು ಶುರು ಮಾಡುವ ಮೊದಲೇ ರೇವಣಸಿದ್ದಪ್ಪನವರು ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟರು. ಹುರಿಯಿಂದ ಶುರುಮಾಡಿ, ಅಣ್ಣಮ್ಮ, ಇನ್ಸ್‌ಪೆಕ್ಟರು, ತಕ್ಕಡಿ, ಹನ್ನೊಂದನೆಯ ಗೋಣಿ, ಇಲಿಗಳು, ಒಂದನ್ನೂ ಬಿಡಲಿಲ್ಲ. ಕಾಗದದಲ್ಲಿ ಬರೆದ ಆ ಕೊನೆಯ ಸಾಲಿಗೆ ಬಂದಾಗ ಅವರ ದನಿ ಒಡೆಯಿತು. "ನಿಮ್ಮ ಅಕ್ಕಿ ನಮ್ಮನೇಲೇ ಇತ್ತು, ಭಾವ. ನಾನು ಇಟ್ಟಿದ್ದರ ಕೆಳಗೇ ಇತ್ತು."

ಚನ್ನಮಲ್ಲಪ್ಪ ಎದ್ದು ಒಳಗೆ ಹೋದರು. ಪೆಟ್ಟಿಗೆ ತೆಗೆದ ಸದ್ದಾಯಿತು. ಹೊರಗೆ ಬಂದಾಗ ಅವರ ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಚೀಟಿ ಇತ್ತು. ಮೂಟೆ ಒಂದು ತಲುಪಿತು ಎಂದು ಲಾರಿಯವನು ಬರೆಸಿಕೊಂಡು ಹೋಗಿ, ಕಾಗದಗಳು ಓಡಾಡಿದ ಮೇಲೆ ಹರಿಹರಕ್ಕೆ ಮುಟ್ಟಿಸಿದ ಚೀಟಿ. ಕೆಳಗೆ ದುಂಡನೆಯ ಅಕ್ಷರದಲ್ಲಿ ಸಹಿ, ಸಹಿಯ ಅಡಿಗೆ ಎರಡು ಚುಕ್ಕೆ. ಹಾಗೆ ಚುಕ್ಕೆ ಇಡುವವರು ಲೋಕದಲ್ಲಿ ರೇವಣಸಿದ್ದಪ್ಪನವರು ಒಬ್ಬರೇ. ಸಾಮಾನು ಇಳಿಸುವ ಗಡಿಬಿಡಿಯಲ್ಲಿ ಯಾರು ಏನು ಮುಂದೆ ಹಿಡಿದರೂ ಸಹಿ ಹಾಕಿದ್ದರು.

ನೀಲಗಂಗಮ್ಮ ಚೀಟಿಯನ್ನು ನೋಡಿ ಕಂಬದ ಬುಡದಲ್ಲಿ ಕೂತರು.

"ನೀವು ಅಕ್ಕಿ ಮಾರ್ಕೊಂಡು ಸುಳ್ಳು ಬರೆದೀರಿ ಅಂತ ತಿಳಿದಿದ್ದೆ," ಎಂದರು ಚನ್ನಮಲ್ಲಪ್ಪ. "ಇದನ್ನ ತಂಗಿಗೆ ತೋರಿಸಿದ್ರ ಆಕಿ ಸಂಸಾರದ ಗತಿ ಏನು ಅಂತ ಸುಮ್ನ ಇಟ್ಕೊಂಡಿದ್ದೆ. ಒಂದಲ್ಲ ಒಂದು ದಿನ ನಿಮ್ಮ ಮುಖಕ್ಕ ಹಿಡೀಬೇಕು ಅಂತ ವಾರಕ್ಕೊಮ್ಮೆ ತಗದು ನೋಡ್ತಿದ್ದೆ. ಎರಡೂವರಿ ವರ್ಷ."

ಅವರು ಚೀಟಿಯನ್ನು ನಡುವೆ ಹರಿದರು. ಮತ್ತೆ ಮಡಿಸಿ ಹರಿದರು. ಚೂರುಗಳನ್ನು ನೆಲಕ್ಕೆ ಬಿಟ್ಟು, ಕೂಡ್ರಿ ಎಂದು ಚಾಪೆ ತೋರಿಸಿದರು. ತಂಗಿಯ ತಲೆ ಮೇಲೆ ಕೈ ಇಟ್ಟು, ಏಳವ್ವ, ಊಟದ ಹೊತ್ತಾತು ಎಂದರು. ಒಳಗೆ ಹೆಂಡತಿಗೆ ಎಲೆ ಹಾಕಲು ಕೂಗಿ ಹೇಳಿದರು. ಅನ್ನದ ವಾಸನೆ ಪಡಸಾಲೆಗೆ ಬಂತು.

ರೇವಣಸಿದ್ದಪ್ಪನವರು ಚಾಪೆಯ ಮೇಲೆ ಕೂತರು. ಚೂರುಗಳು ಅವರ ಮೊಣಕಾಲಿನ ಹತ್ತಿರವೇ ಬಿದ್ದಿದ್ದವು. ಒಂದು ಕಡೆ ಬರಹವಿದ್ದರೂ ಇನ್ನೊಂದು ಕಡೆ ಬಿಳಿಯಾಗಿತ್ತು. ಅವರ ಬಲಗೈ ತಾನಾಗಿಯೇ ನೆಲದ ಕಡೆಗೆ ಹೊರಟಿತು. ಹೆಂಡತಿ, ಮಗಳು, ಚನ್ನಮಲ್ಲಪ್ಪ ಮೂವರೂ ಆ ಕೈಯನ್ನೇ ನೋಡಿದರು. ಅರ್ಧ ದಾರಿಯಲ್ಲಿ ಅದು ನಿಂತಿತು. ರೇವಣಸಿದ್ದಪ್ಪನವರು ಆ ಕೈಯನ್ನು ಎಡಗೈಯಿಂದ ಹಿಡಿದು ಎಳೆದುಕೊಂಡು, ತೊಡೆಯ ಕೆಳಗೆ ಸೇರಿಸಿ, ಅದರ ಮೇಲೆ ಭದ್ರವಾಗಿ ಕೂತರು. ಹಣೆಯ ಮೇಲೆ ಬೆವರು ಮೂಡಿತು.

ಊಟಕ್ಕೆ ಏಳ್ರಿ ಎಂದು ಚನ್ನಮಲ್ಲಪ್ಪ ಎರಡು ಸಲ ಕರೆದರು. ಅವರು ಅಲುಗಲಿಲ್ಲ. ಜಂತೆಯನ್ನೇ ದಿಟ್ಟಿಸುತ್ತಾ ಹೇಳಿದರು.

"ಮೊದಲು ಇದನ್ನ ಗುಡಿಸಿಬಿಡಿ, ಭಾವ. ಆಮೇಲೆ ಏಳ್ತೀನಿ."